ಹುಳಿಯಿಲ್ಲದ ವಾರ

ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ, ಬೇಸಿಗೆಯ ಒಂದು ಹುಣ್ಣಿಮೆಗೆ ಹೊಂದಿಕೊಂಡು, ಒಂದು ವಾರ ಯಾವುದೂ ಹುಳಿಯಾಗುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಹಾಲು ಹಾಲಾಗಿಯೇ ಉಳಿಯುತ್ತದೆ. ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾದರೂ ಇಟ್ಟ ಮಟ್ಟದಲ್ಲೇ ಕೂತಿರುತ್ತದೆ. ನಿಂಬೆಹಣ್ಣು ಹಿಂಡಿದರೆ ಬರೀ ನೀರು. ಮಾವಿನಕಾಯಿ ಕಚ್ಚಿದರೆ ಸೌತೆಕಾಯಿ. ಬಸ್ ನಿಲ್ದಾಣದ ಖಾನಾವಳಿಯವರು ಹಲಗೆಯ ಮೇಲಿನ ಇಡ್ಲಿ, ದೋಸೆಗಳನ್ನು ಒರೆಸಿ ಉಪ್ಪಿಟ್ಟು, ಚಪಾತಿ ಎಂದು ಬರೆಯುತ್ತಾರೆ. ಹುಣಸೆಹಣ್ಣಿನ ವ್ಯಾಪಾರಿ ಅಂಗಡಿಗೆ ಬೀಗ ಹಾಕಿ ಹೆಂಡತಿಯ ತವರಿಗೆ ಹೋಗಿಬಿಡುತ್ತಾನೆ. ಬಯಕೆಯ ಬಸುರಿಯರು ಗಂಡಂದಿರನ್ನು ಕಟ್ಟಿಕೊಂಡು ಹೊಳೆಯ ಸೇತುವೆ ದಾಟಿ, ಆಚೆ ದಂಡೆಯಲ್ಲಿ ನಿಂತು ಉಪ್ಪು ಹಚ್ಚಿದ ಮಾವಿನಕಾಯಿ ತಿಂದು ಬರುತ್ತಾರೆ. ಹೊರಗಿನಿಂದ ಬ್ರೆಡ್ಡು ತಂದರೂ ಪ್ರಯೋಜನವಿಲ್ಲ, ಸೇತುವೆಯ ಈಚೆ ತುದಿ ಮುಟ್ಟುವುದರೊಳಗೆ ಅದು ಚೀಲದಲ್ಲೇ ಚಪ್ಪಟೆಯಾಗಿರುತ್ತದೆ. ಯಾಕೆ ಹೀಗೆ ಎಂದು ಕೇಳುವವರಿಲ್ಲ. ಆ ವಾರ ಊರಿನಲ್ಲಿ ಯಾರಿಗೂ ಎದೆ ಉರಿಯುವುದಿಲ್ಲ, ಹುಳಿತೇಗು ಬರುವುದಿಲ್ಲ. ಅಷ್ಟಕ್ಕೇ ಮುದುಕರೆಲ್ಲ ಕೈ ಮುಗಿಯುತ್ತಾರೆ.

ನಮ್ಮವರು ಇಲ್ಲಿಯ ಕ್ರೈಸ್ತ ದೇವಾಲಯದ ಸಭಾಪಾಲಕರಾಗಿ ವರ್ಗವಾಗಿ ಬಂದ ಮೊದಲ ವರ್ಷ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ಮೊದಲೇ ಅಂಜುಬುರುಕಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವವಳು. ಹಾಲು ಹೆಪ್ಪಾಗದೆ ಹೋದಾಗ ತಪ್ಪು ನನ್ನದೇ ಎಂದುಕೊಂಡು, ಪಾತ್ರೆ ತೊಳೆದು, ಮತ್ತೆ ಕಾಯಿಸಿ, ಮತ್ತೆ ಹೆಪ್ಪು ಹಾಕಿ, ಕೊನೆಗೆ ಹಿತ್ತಲಿನಲ್ಲಿ ನಿಂತು ಪಾತ್ರೆಗೇ ಬೈಯುತ್ತಿದ್ದೆ. ಗೋಡೆಯಾಚೆಯಿಂದ ಯಾರೋ ನಕ್ಕರು. ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲಿತ್ತು. ಅದನ್ನು ತೆರೆದುಕೊಂಡು, ಮಂಡಿಯುದ್ದದ ಚೌಕಳಿ ಸೀರೆಯ ಒಬ್ಬ ಮುದುಕಿ ಬಗ್ಗಿ ಈಚೆ ಬಂದರು.

"ಹಾಲಿಗೆ ಬೈದ್ರ ಏನ ಬಂತವಾ? ಅದಕೂ ವರ್ಷಕ್ಕೊಂದ ವಾರ ಸೂಟಿ ಬ್ಯಾಡೇನ?" ಎಂದರು.

ಅವರು ಶೆಗುಲಾಬಾಯಿ. ಊರಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ. ಒಂದು ಕಾಲಕ್ಕೆ ಈ ಬೀದಿಯ ತುಂಬ ಯೆಹೂದ್ಯರ ಮನೆಗಳಿದ್ದವಂತೆ. ಎಣ್ಣೆಯ ಗಾಣ, ಬಡಗಿ ಕೆಲಸ ಮಾಡಿಕೊಂಡಿದ್ದರು. ಒಬ್ಬೊಬ್ಬರಾಗಿ ತಮ್ಮ ಹಿರಿಯರ ನಾಡಿಗೆ ಹಡಗು ಹತ್ತಿದರು, ಉಳಿದವರು ಮಣ್ಣು ಸೇರಿದರು. ಈಗ ಮೌಶಿಯದೊಂದೇ ಮನೆ. ಆ ವಾರ ಅವರ ಪಸ್ಕ ಹಬ್ಬ, ಅಂದರೆ ಐಗುಪ್ತದ ಗುಲಾಮಗಿರಿಯಿಂದ ಅವರ ಹಿರಿಯರು ಬಿಡುಗಡೆಯಾಗಿ ಬಂದ ನೆನಪಿನ ಹಬ್ಬ. ಹೊರಟ ಅವಸರದಲ್ಲಿ ಹಿಟ್ಟು ಉಬ್ಬುವ ತನಕ ಕಾಯಲಾಗಲಿಲ್ಲವಾದ್ದರಿಂದ, ಆ ಏಳು ದಿನ ಅವರು ಹುಳಿ ಹಾಕದ ರೊಟ್ಟಿಯನ್ನೇ ತಿನ್ನುತ್ತಾರೆ, ಹುಳಿಯನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಇಲ್ಲ. ನಮ್ಮ ಊರಿನಲ್ಲಿ ಪಸ್ಕವೂ ನಮ್ಮ ಶುಭ ಶುಕ್ರವಾರದ ವಾರವೂ ಯಾವಾಗಲೂ ಒಟ್ಟಿಗೇ ಬರುತ್ತವೆ.

ಅವರ ಹುಳಿಯೆಂದರೆ ಹಿಟ್ಟನ್ನು ಉಬ್ಬಿಸುವ ಹುಳಿ ಮಾತ್ರ. ಆದರೆ ನಮ್ಮ ಸಭೆಯ ಹಿರಿಯರು ಕನ್ನಡದ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಹುಳಿ ಎಂದು ಓದಿದವರು, ಕನ್ನಡದವರ ಹಾಗೆಯೇ ಅರ್ಥ ಮಾಡಿಕೊಂಡರು. ತಲೆತಲಾಂತರದಿಂದ ಆ ವಾರ ನಮ್ಮ ಕ್ರೈಸ್ತರ ಮನೆಗಳಿಂದ ಹುಣಸೆಹಣ್ಣು, ಉಪ್ಪಿನಕಾಯಿ, ಒಣಗಿಸಿದ ಮಾವಿನ ಹೋಳು ಎಲ್ಲ ಹೊರಗೆ ಹೋಗುತ್ತವೆ. ಹುಳಿ ಎನ್ನುವ ಸಾರನ್ನೂ ಮಾಡುವುದಿಲ್ಲ. ನಿಮ್ಮ ಪುಸ್ತಕ ಬರೆದವರಿಗೆ ಪಾಪದ ಹುಣಸೆಹಣ್ಣು ಏನು ಮಾಡಿತ್ತು ಎಂದು ಮೌಶಿ ನಗುವರು. ಯಾರ ಅರ್ಥ ಸರಿ ಎಂದು ತೀರ್ಮಾನಿಸುವುದು ಕಷ್ಟ. ಆ ವಾರ ಹಿಟ್ಟೂ ಉಬ್ಬುವುದಿಲ್ಲ, ಹುಣಸೆಯೂ ಹುಳಿಯಿರುವುದಿಲ್ಲ.

ಹೇಗೂ ಹುಳಿಯೇ ಸತ್ತುಹೋಗಿರುವಾಗ ಅದನ್ನು ಮನೆಯಿಂದ ಹೊರಗೆ ಹಾಕುವ ಕಷ್ಟ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಸತ್ತದ್ದು ಎಂದು ಹೆಣವನ್ನು ಮನೆಯಲ್ಲಿ ಇಟ್ಟುಕೊಂಡು ಕೂರುತ್ತಾರೆಯೇ ಎಂದು ಅವರು ನನ್ನನ್ನೇ ಕೇಳಿದರು. ಹಬ್ಬದ ಹಿಂದಿನ ಸಂಜೆ ದೀಪ ಹಿಡಿದು, ಕೋಳಿಯ ಪುಕ್ಕದಿಂದ ಮೂಲೆ ಮೂಲೆ ಗುಡಿಸಿ, ಸಿಕ್ಕ ಚೂರು ಪಾರುಗಳನ್ನು ಬೆಳಿಗ್ಗೆ ಸುಡುತ್ತಿದ್ದರು. ಸುಡಲಾರದಷ್ಟಿದ್ದ ಹಿಟ್ಟು, ರವೆಗಳನ್ನು ಒಂದು ಡಬ್ಬಿಗೆ ತುಂಬಿ ಗಿಡ್ಡ ಬಾಗಿಲಿನಿಂದ ನನಗೆ ದಾಟಿಸುತ್ತಿದ್ದರು. ಅವರ ನೇಮವಿಲ್ಲದ ಯಾರಾದರೂ ಅದನ್ನು ತಮ್ಮದೆಂದು ಒಪ್ಪಿಕೊಂಡರೆ ಅವರ ಮನೆ ಶುದ್ಧವಾಗುತ್ತಿತ್ತು. "ನಿಮ್ಮ ಹುಳಿ ನನ್ನದು ಮೌಶಿ" ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು.  ಒಬ್ಬರ ಮನೆ ಶುದ್ಧವಾಗಲೆಂದು ಇನ್ನೊಬ್ಬರು ಅವರ ಹುಳಿಯನ್ನು ತಮ್ಮದೆಂದು ಹೇಳಿ ಹೊರುವುದು. ಕಾಲೇಜಿನಲ್ಲಿ, ದೇವಾಲಯದಲ್ಲಿ, ಎಷ್ಟೋ ಉಪನ್ಯಾಸಗಳಲ್ಲಿ ಕೇಳಿದ್ದ ಶಿಲುಬೆಯ ಮಾತು ನನಗೆ ಒಂದು ಹಿಟ್ಟಿನ ಡಬ್ಬಿಯನ್ನು ಎತ್ತಿಕೊಂಡಾಗ ತಿಳಿಯಿತು.

ಆ ಡಬ್ಬಿಗೆ ಬದಲು ಗುರುವಾರ ಅದೇ ಬಾಗಿಲಿನಿಂದ ರೊಟ್ಟಿ ಬರುತ್ತಿತ್ತು. ಪವಿತ್ರ ಗುರುವಾರ ನಮ್ಮ ಸ್ವಾಮಿಯ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಮೌಶಿಯ ಕಾವಲಿಯ ರೊಟ್ಟಿಯೇ ಆಗಬೇಕು. ನಮ್ಮವರಿಗಿಂತ ಮುಂಚಿನ ಸಭಾಪಾಲಕರ ಕಾಲದಿಂದಲೂ ಹಾಗೆ. ಅವರು ಹಿಟ್ಟು ಕಲಸಿದವರೇ ತಡಮಾಡದೆ ಲಟ್ಟಿಸಿ, ಉಬ್ಬಬಾರದೆಂದು ಮೈತುಂಬ ಚುಚ್ಚಿ, ಕಾವಲಿಗೆ ಹಾಕುವರು. ಬೆಂದ ರೊಟ್ಟಿಯ ಮೇಲೆ ಬಾಸುಂಡೆಯಂಥ ಗೆರೆಗಳೇಳುತ್ತಿದ್ದವು. ನಾನು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಚುಚ್ಚಿದ ಮೈ, ಬಾಸುಂಡೆ, ಮುರಿದು ಹಂಚಿದ್ದು. ಇದರಲ್ಲಿ ನನಗೆ ನಮ್ಮ ಸ್ವಾಮಿ ಕಾಣುವುದು ನಿಮಗೆ ಬೇಸರವೇ ಎಂದು ಒಂದು ದಿನ ಕೇಳಿಯೂ ಬಿಟ್ಟೆ.

ಮೌಶಿ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಕಣ್ಣ, ನೀ ನೋಡು ಪೋರಿ. ಆದ್ರ ನನ್ನ ರೊಟ್ಟಿ ನನಗ ರೊಟ್ಟೀನs ಇರ್ಲಿ."

ಆ ಮಾತನ್ನು ನಾನು ಮರೆಯಲಿಲ್ಲ. ಅವರು ತಾಳೆಗರಿಯ ಚಪ್ಪರ ಹಾಕಿ ಅದರಲ್ಲಿ ಏಳು ದಿನ ಉಣ್ಣುವ ಹಬ್ಬದಲ್ಲಿ, ನಮ್ಮ ನಡುವೆ ಬಂದು ಬಿಡಾರ ಹೂಡಿದ ದೇವರನ್ನು ನಾನು ನೆನೆಯುತ್ತಿದ್ದೆ. ಅವರ ಗೋಧಿ ಸುಗ್ಗಿಯ ಹಬ್ಬದ ದಿನವೇ ನಮ್ಮ ಪವಿತ್ರಾತ್ಮನ ಹಬ್ಬ ಯಾಕೆ ಬರುತ್ತದೆ ಎಂಬುದೂ ನನಗೆ ತಿಳಿದದ್ದು ಅವರ ಪಡಸಾಲೆಯಲ್ಲಿ ಕೂತು ಕಾಳು ಆರಿಸುವಾಗ. ನನ್ನ ನಂಬಿಕೆಯ ಬೇರು ಗೋಡೆಯಾಚೆಯ ಹಿತ್ತಲಿನಲ್ಲಿತ್ತು. ನಾನು ನೀರು ಸೇದಿಕೊಳ್ಳುತ್ತಿದ್ದೆ, ಅವರು ಬೇಡವೆನ್ನಲಿಲ್ಲ.

ಈ ವರ್ಷ ಹಬ್ಬಕ್ಕೆ ಮುಂಚಿನ ವಾರ ನಮ್ಮ ದೇವಾಲಯದ ಬಯಲಿನಲ್ಲಿ ಉಜ್ಜೀವನ ಕೂಟ ನಡೆಯಿತು. ಪರವೂರಿನಿಂದ ಒಬ್ಬ ಬೋಧಕರು ಬಂದಿದ್ದರು. ಬೇವಿನ ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿದ್ದರು, ಅದರ ಬಾಯಿ ನೇರ ಮೌಶಿಯ ಪಡಸಾಲೆಯ ಕಡೆಗಿತ್ತು. ಕೊನೆಯ ದಿನ ಆ ಬೋಧಕರು ಹುಳಿಯ ಬಗ್ಗೆ ಪ್ರಸಂಗ ಮಾಡಿದರು. ಯೆಹೂದ್ಯರೇ ಲೋಕದ ಹುಳಿ, ಸ್ವಾಮಿಯನ್ನು ಕೊಂದವರ ಕೈಯ ರೊಟ್ಟಿ ತಿನ್ನುವ ಸಭೆ ಹೇಗೆ ಶುದ್ಧವಾದೀತು, ಮೊದಲು ಊರಿನಿಂದ ಆ ಹುಳಿಯನ್ನು ತೆಗೆಯಿರಿ ಎಂದರು. ನಮ್ಮವರು ಎದ್ದು ಮೈಕಿನತ್ತ ಹೋದರು. ಅಷ್ಟರಲ್ಲಿ ವಾದ್ಯದವರು ಹಾಡು ಶುರುಮಾಡಿಬಿಟ್ಟಿದ್ದರು. ಅದಕ್ಕೂ ಮೊದಲು, ಜನರ ನಡುವಿನಿಂದ ಕೆಲವರು ಆಮೆನ್ ಎಂದಿದ್ದರು. ಸಭೆಯ ಹಿರಿಯ ಯೋಬಪ್ಪನವರ ಗಟ್ಟಿ ದನಿ ಎಲ್ಲರಿಗಿಂತ ಮೇಲಿತ್ತು.

ಮರುದಿನ ಬೆಳಿಗ್ಗೆ ಗಿಡ್ಡ ಬಾಗಿಲನ್ನು ತಳ್ಳಿದರೆ ಅದು ಅಲುಗಲಿಲ್ಲ. ಆಚೆಯಿಂದ ಚಿಲಕ ಬಿದ್ದಿತ್ತು.

ನಾನು ಬೀದಿ ಸುತ್ತಿ ಅವರ ಮುಂಬಾಗಿಲಿಗೆ ಹೋದೆ. ಆ ಮೆಟ್ಟಿಲನ್ನು ನಾನು ಹತ್ತಿದ್ದೇ ಅಪರೂಪ. ಮೌಶಿ ಬಾಗಿಲು ತೆರೆದರು, ಕುರ್ಚಿ ಹಾಕಿದರು, ನೀರು ಕೊಟ್ಟರು. "ಕೂಡ್ರಿ ಅಮ್ಮಾರ" ಎಂದರು. ಅಷ್ಟು ವರ್ಷ ನನ್ನನ್ನು ಪೋರಿ ಎಂದು ಕರೆದವರ ಬಾಯಲ್ಲಿ ಆ ಬಹುವಚನ ಕೇಳಿ ನನಗೆ ಕೂರಲಾಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೋಪವಿಲ್ಲದೆ ಹೇಳಿದರು. ಸೇತುವೆಯಾಚೆ ದೂರದ ಪಟ್ಟಣದಲ್ಲಿ ಅಣ್ಣನ ಮಗ ಹನೋಕ ಇದ್ದಾನೆ, ಹಬ್ಬ ಮುಗಿದ ಮಾರನೇ ದಿನ ಕಾರು ತರುತ್ತಾನೆ, ಈ ಮನೆಗೆ ಬೀಗ ಹಾಕಿ ಅವನ ಹತ್ತಿರ ಹೋಗಿಬಿಡುತ್ತೇನೆ ಎಂದು. ಬೋಧಕ ಹೊರಗಿನವನು, ಊರಿನವರಲ್ಲ ಎಂದು ನಾನು ತೊದಲಿದೆ.

"ಬೈದಾಂವ ಹೊರಗಿನಾಂವ, ಖರೆ" ಎಂದರು. "ಆದ್ರ ಆಮೆನ್ ಅಂದವರು ಯಾರ್ಯಾರು ಅಂತ ನನಗ ದನಿ ಮ್ಯಾಲೆ ಗುರ್ತ ಹತ್ತತೈತ್ರಿ. ಅವರ ಮನಿ ಬಾಣಂತಿತನಕ್ಕ ಎಣ್ಣಿ ಕಾಸಿ ಕೊಟ್ಟಾಕಿ ನಾ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಯೋಬಪ್ಪನವರೂ ಅಲ್ಲೇ ಇದ್ದರು. ರೊಟ್ಟಿ ಬರದಿದ್ದರೆ ಏನಾಯಿತು, ಕರ್ತನ ಭೋಜನಕ್ಕೆ ಪಟ್ಟಣದಿಂದ ಬೆಳ್ಳನೆಯ ರೊಟ್ಟಿಬಿಲ್ಲೆಗಳನ್ನು ತರಿಸೋಣ, ಅವು ಮೊದಲೇ ಚಪ್ಪಟೆ, ಸೇತುವೆಯೂ ಏನೂ ಮಾಡಲಾರದು ಎಂದರು. ನಮ್ಮವರು, ರೊಟ್ಟಿಯ ಮಾತು ಆಮೇಲೆ ಆಡೋಣ, ಮೊದಲು ಒಬ್ಬ ನೆರೆಯವರು ಊರು ಬಿಡುತ್ತಿದ್ದಾರೆ ಎಂದರು. ಯೋಬಪ್ಪನವರು ಟೋಪಿ ತೆಗೆದುಕೊಂಡು ಹೊರಟುಹೋದರು.

ಮಂಗಳವಾರ ಹೆಂಗಸರ ಕೂಟ. ಆ ದಿನದ ಧ್ಯಾನ ನನ್ನ ಪಾಲಿಗಿತ್ತು. ಪೌಲನು ಕೊರಿಂಥದ ಸಭೆಗೆ ಹಳೆಯ ಹುಳಿಯನ್ನು ತೆಗೆದು ಹೊಸ ಕಣಕದಂತೆ ಆಗಿರೆಂದು ಬರೆದ ಭಾಗವನ್ನು ಓದಿದೆ. ಪಸ್ಕದ ಕುರಿಯಾಗಿ ಸ್ವಾಮಿ ನಮಗಾಗಿ ಬಲಿಯಾದ ಮೇಲೆ ಹಬ್ಬವನ್ನು ಹಗೆಯ ಹುಳಿಯಿಂದ ಆಚರಿಸದಿರೋಣ ಎಂದು ಅವನು ಹೇಳುವಲ್ಲಿಗೆ ಓದಿ ನಿಲ್ಲಿಸಿದೆ. ಬರೆದುಕೊಂಡು ಹೋಗಿದ್ದ ವಿವರಣೆ ಕೈಯಲ್ಲೇ ಉಳಿಯಿತು. ಮೌಶಿ ಹೋಗುತ್ತಿದ್ದಾರೆ ಎಂದಷ್ಟೇ ಹೇಳಿ ಕೂತೆ.  ಆಗ ಯೋಬಪ್ಪನವರ ಹೆಂಡತಿ ತಬಿತಮ್ಮ, ಕೂಟದಲ್ಲಿ ಎಂದೂ ಬಾಯಿ ಬಿಡದವರು, ಸೆರಗು ಸರಿಮಾಡಿಕೊಂಡು ಎದ್ದರು.

"ವರ್ಷಾ ಹುಣಸೀಹಣ್ಣ ಹೊರಗ ಇಟ್ಟಿವಿ" ಎಂದರು. "ಈ ವರ್ಷ ಅದನ್ನ ಹೊರಗ ಇಟ್ಟು, ಮೈಕಿನಾಗ ಹುಳಿ ಹಿಂಡೀವಿ. ನನ್ನ ಮನಿಯವರs ಆಮೆನ್ ಅಂದಾರ. ಯಾವ ಮೈಕಿನಾಗ ಹಿಂಡೀವೋ ಅದರಾಗs ತೊಳೀಬೇಕ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೊರಗೆ ಜಗುಲಿಯಲ್ಲಿ ಕೂತಿದ್ದ ನಮ್ಮವರ ಕಡೆ ಕೈ ತೋರಿಸಿದೆ. ಅವರು ಅದೇ ಸಂಜೆ ಮೈಕಿನಲ್ಲಿ, ಆ ಬೋಧನೆ ಸತ್ಯವಲ್ಲ, ಅದು ಸಭೆಯ ಮಾತೂ ಅಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ, ಇನ್ನು ಸಭೆಯ ಪರವಾಗಿ ನಾನು ಹೇಳಿದ್ದಾಯಿತು, ಗೆಳತಿಯಾಗಿ ನೀನು ಹೇಳು ಎಂದು ಮೈಕನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಒಂದು ಚೀಟಿ ಬರೆಯುವಾಗಲೂ ಎರಡು ಸಲ ಹರಿದು ಹಾಕುವವಳು ನಾನು. ಆ ಲೌಡ್‌ಸ್ಪೀಕರಿನ ಬಾಯಿ ಇನ್ನೂ ಮೌಶಿಯ ಪಡಸಾಲೆಯತ್ತಲೇ ಇತ್ತು. ಪಡಸಾಲೆಯಲ್ಲಿ ಯಾರೂ ಕಾಣಲಿಲ್ಲ.

"ಮೌಶಿ," ಎಂದೆ, "ನಮ್ಮ ಸ್ವಾಮಿ ಕೊನೆಯ ಊಟಕ್ಕೆ ಕೂತದ್ದು ನಿಮ್ಮ ಹಬ್ಬದ ಊಟಕ್ಕೆ. ಆತ ಕೈಯಲ್ಲಿ ಹಿಡಿದು ಮುರಿದದ್ದು ನಿಮ್ಮ ಮನೆಯ ರೊಟ್ಟಿ. ನೀವು ಈ ಹಬ್ಬವನ್ನು ಬಿಡದೆ ಕಾಪಾಡಿಕೊಂಡು ಬಂದಿರದಿದ್ದರೆ, ನಾವು ಏನನ್ನು ನೆನೆಯುತ್ತಿದ್ದೇವೆ ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ನಾವು ಒಂದು ದಿನವೂ ಉಪಕಾರ ಹೇಳಿಲ್ಲ. ಈಗ ಹೇಳುತ್ತಿದ್ದೇನೆ."

ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಮೈಕು ಕುಯ್ಯೆಂದಿತು. ಕೆಳಗೆ ಇಟ್ಟುಬಿಟ್ಟೆ.

ಬುಧವಾರ ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಾಗ ಆಚೆ ಮನೆಯೊಳಗೆ ಒಂದು ದೀಪ ಕೋಣೆಯಿಂದ ಕೋಣೆಗೆ ಅಲೆಯುತ್ತಿತ್ತು. ಪುಕ್ಕದಿಂದ ಗುಡಿಸುತ್ತಿದ್ದಾರೆ ಎಂದು ತಿಳಿಯಿತು. ಹಿಟ್ಟಿನ ಡಬ್ಬಿಯನ್ನು ಈ ಸಲ ಯಾರಿಗೆ ಕೊಡುತ್ತಾರೆ ಎಂದು ಯೋಚಿಸುತ್ತ ನಿಂತೆ. ದೀಪ ಹಿತ್ತಲಿಗೆ ಬಂತು. ಚಿಲಕ ಸರಿದ ಸದ್ದಾಯಿತು. ನಾನು ಓಡಲಿಲ್ಲ. ಓಡಿದರೆ ಬಾಗಿಲು ಮತ್ತೆ ಮುಚ್ಚಿಬಿಡಬಹುದೆಂಬ ಹೆದರಿಕೆ. ಮೌಶಿ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಅಂವ ಬೈದದ್ದೂ ಊರಿಗೆಲ್ಲಾ ಕೇಳ್ಸಿತ್ತು, ನೀ ಹೇಳಿದ್ದೂ ಊರಿಗೆಲ್ಲಾ ಕೇಳ್ಸತು" ಎಂದರು. "ಸಾಕು. ಹೇಳೂದ ಹೇಳು."

"ನಿಮ್ಮ ಹುಳಿ ನನ್ನದು ಮೌಶಿ" ಎಂದೆ. ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ನನ್ನ ಅಳು ಮುಗಿಯುವ ತನಕ ಅವರು ಕಾದರು. ಹೋಗುವ ಮಾತು ಬೇರೆ, ಅದರಲ್ಲಿ ಬದಲಿಲ್ಲ, ಹನೋಕನಿಗೆ ಮಾತು ಕೊಟ್ಟಾಗಿದೆ, ಒಬ್ಬಳೇ ಇರುವ ಹೆಂಗಸು ಮುಂದಿನ ಮೈಕಿಗೆ ಕಾಯುತ್ತ ಕೂರಲಾಗುವುದಿಲ್ಲ ಎಂದು ಹೇಳಿದರು. ನಾನು ವಾದ ಮಾಡಲಿಲ್ಲ. ಅವರ ಹೆದರಿಕೆ ನನಗೆ ಅರ್ಥವಾಗುವ ಹೆದರಿಕೆ.

ಗುರುವಾರ ಮಧ್ಯಾಹ್ನ ರೊಟ್ಟಿ ಬಂತು. ಇಳಿಹೊತ್ತಿನಲ್ಲಿ ನಮ್ಮವರು ಅದನ್ನು ಎತ್ತಿ ಹಿಡಿದು ಮುರಿದಾಗ ಆದ ಸದ್ದು ಕೊನೆಯ ಬೆಂಚಿನ ತನಕ ಕೇಳಿಸಿತು. ಯೋಬಪ್ಪನವರು ಪಟ್ಟಣದ ಬಿಲ್ಲೆಗಳ ಡಬ್ಬಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಅದನ್ನು ಹೊರಗೆ ತೆಗೆಯಲಿಲ್ಲ. ತಮ್ಮ ಪಾಲಿನ ಚೂರನ್ನು ತೆಗೆದುಕೊಂಡು ತಿಂದರು.

ಕತ್ತಲಾಗುವ ಹೊತ್ತಿಗೆ ಮೌಶಿಯ ಹಬ್ಬದ ಊಟ. ಪ್ರತಿ ವರ್ಷ ಅದಕ್ಕೆ ನಾವಿಬ್ಬರೇ ಹೋಗುತ್ತಿದ್ದೆವು. ಈ ಸಲ ತಬಿತಮ್ಮ ಕರೆಯದೆಯೇ ಬಂದರು, ಗಂಡನನ್ನೂ ಎಳೆದುಕೊಂಡು ಬಂದರು. ಗಿಡ್ಡ ಬಾಗಿಲಲ್ಲಿ ಯೋಬಪ್ಪನವರು ಸಾಕಷ್ಟು ಬಗ್ಗಬೇಕಾಯಿತು. ಮೌಶಿ ಅವರನ್ನು ತಲೆಯಿಂದ ಕಾಲಿನ ತನಕ ನೋಡಿ, ಆಮೆನ್ ಅನ್ನುವವರು ಇಲ್ಲೂ ಬೇಕಾಗುತ್ತಾರೆ, ಗಟ್ಟಿ ದನಿಯಿದ್ದರೆ ಒಳ್ಳೆಯದು, ಕೂತುಕೊಳ್ಳಿ ಎಂದರು. ಯೋಬಪ್ಪನವರ ಮುಖ ಕೆಂಪಾಯಿತು. ಕೂತರು. ಸ್ವಲ್ಪ ಹೊತ್ತಿನ ಮೇಲೆ, ಯಾರ ಮುಖವನ್ನೂ ನೋಡದೆ, "ತಪ್ಪಾತು ಮೌಶಿ" ಎಂದರು. ಮೌಶಿ ಅವರ ಮುಂದೆ ಕಹಿಸೊಪ್ಪಿನ ತಟ್ಟೆ ಸರಿಸಿದರು. ಅವರ ಹಿರಿಯರ ಗುಲಾಮಗಿರಿಯ ಕಹಿಯನ್ನು ನೆನೆಯುವ ಸೊಪ್ಪು ಅದು. ಯೋಬಪ್ಪನವರು ಮುಖ ಗಂಟಿಕ್ಕಿಕೊಂಡು ಇಡೀ ಹಿಡಿಯನ್ನು ತಿಂದರು.

ಆ ಊಟದಲ್ಲಿ, ಈ ರಾತ್ರಿ ಯಾಕೆ ಬೇರೆ ರಾತ್ರಿಗಳ ಹಾಗಿಲ್ಲ ಎಂದು ಎಲ್ಲರಿಗಿಂತ ಕಿರಿಯರು ಕೇಳಬೇಕು. ಹಿರಿಯರು ಬಿಡುಗಡೆಯ ಕಥೆ ಹೇಳಬೇಕು. ತಲೆಯಲ್ಲಿ ನರೆ ಬಂದ ನಾನೇ ಅಲ್ಲಿ ಕಿರಿಯಳು. ಕೇಳಿದೆ. ಮೌಶಿ ಹೇಳಿದರು. ಮೂರು ರೊಟ್ಟಿಗಳಲ್ಲಿ ನಡುವಿನದನ್ನು ಆಗಲೇ ಮುರಿದು, ಅದರ ದೊಡ್ಡ ತುಂಡನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ, ನಾವು ಕಣ್ಣು ಮುಚ್ಚಿರುವಾಗ ಮನೆಯೊಳಗೆ ಎಲ್ಲೋ ಬಚ್ಚಿಟ್ಟು ಬಂದಿದ್ದರು. ಊಟದ ಕೊನೆಗೆ ಅದನ್ನು ಹುಡುಕಿ ತಂದು ಎಲ್ಲರೂ ಒಂದೊಂದು ಚೂರು ತಿನ್ನಬೇಕು. ಅದು ಸಿಗುವ ತನಕ ಹಬ್ಬದ ಊಟ ಮುಗಿಯುವಂತಿಲ್ಲ. ಮುರಿದು, ಬಟ್ಟೆಯಲ್ಲಿ ಸುತ್ತಿ, ಮರೆಯಲ್ಲಿಟ್ಟು, ಮತ್ತೆ ಕಂಡುಕೊಳ್ಳುವುದು. ನಮ್ಮವರೂ ನಾನೂ ಪ್ರತಿ ವರ್ಷ ಆ ಗಳಿಗೆಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. 

ಪ್ರತಿ ವರ್ಷ ಅದು ಕಾಳಿನ ಮಡಕೆಯ ಹಿಂದೆಯೋ ದಿಂಬಿನ ಕೆಳಗೋ ಬೇಗ ಸಿಗುತ್ತಿತ್ತು. ಈ ಸಲ ಸಿಗಲಿಲ್ಲ. ದೇವರ ದೀಪದ ಗೂಡು ನೋಡಿದೆ, ಒಲೆಯ ಮೇಲಿನ ಹಲಗೆ ನೋಡಿದೆ. ನಮ್ಮವರು ಕುರ್ಚಿ ಹತ್ತಿದರು. ಎಲ್ಲಿಟ್ಟಿದ್ದೀರಿ ಎಂದು ತಬಿತಮ್ಮ ಕೇಳಿದರೆ, ವಯಸ್ಸಾಯಿತು, ನೆನಪಾಗುತ್ತಿಲ್ಲ ಎಂದು ಮೌಶಿ ತಲೆ ಅಲ್ಲಾಡಿಸಿದರು. ನಾನು ಅವರ ಮುಖವನ್ನೇ ನೋಡಿದೆ. ಜನರ ಮುಖ ನೋಡಿ ಮುಂಬರುವ ಕಷ್ಟವನ್ನು ಊಹಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಆ ಮುಖದಲ್ಲಿ ನನಗೆ ಏನೂ ಸಿಗಲಿಲ್ಲ. ಕಡೆಗೆ ಯೋಬಪ್ಪನವರು ಧೋತರ ಮೇಲೆತ್ತಿ ಕಟ್ಟಿ, ಮಂಡಿಯೂರಿ, ಮಂಚದ ಕೆಳಗೆ ತಲೆ ತೂರಿಸಿದರು. ಒಂದು ಟ್ರಂಕ್ ಎಳೆದು ತೆಗೆದರು.

ಟ್ರಂಕ್ ಭಾರವಾಗಿತ್ತು. ನಾನು ಮುಚ್ಚಳ ತೆಗೆದೆ. ಹನೋಕನ ಮನೆಗೆ ಹೋಗಲು ಹೊಂದಿಸಿಟ್ಟ ಟ್ರಂಕ್ ಅದು. ಚೌಕಳಿ ಸೀರೆಗಳು ಅಂಚಿಗೆ ಅಂಚು ಕೂಡಿಸಿ ಮಡಚಿದ್ದವು. ನಾನು ಕೈ ಹಿಂದೆ ತೆಗೆದೆ. "ನೋಡು, ನೋಡು" ಎಂದರು ಮೌಶಿ, "ರೊಟ್ಟಿ ಸಿಗದs ಊಟ ಮುಗಿಯೂದಿಲ್ಲ." ಒಂದೊಂದೇ ಸೀರೆ ತೆಗೆದು ಮಂಚದ ಮೇಲಿಟ್ಟೆ. ಉಣ್ಣೆಯ ಶಾಲು, ಕಾಯಿಲೆ ಬಿದ್ದಾಗ ತೊಡುವ ಕುಲಾವಿ, ಗಂಡನ ಪ್ರಾರ್ಥನೆಯ ಹೊದಿಕೆ, ಎಣ್ಣೆಯ ಶೀಶೆ, ಕನ್ನಡಕದ ಡಬ್ಬಿ. ಮಂಚ ತುಂಬಿತು. ಕುರ್ಚಿಯ ಮೇಲೆ ಹೇರಿದೆ. ತಳದಲ್ಲಿ, ಹಾಸಿದ್ದ ಕಾಗದದ ಮೇಲೆ, ಬಿಳಿಯ ಬಟ್ಟೆಯ ಗಂಟಿತ್ತು. ರೊಟ್ಟಿ ಮುಕ್ಕಾಗಿರಲಿಲ್ಲ.

ಮೌಶಿ ಅದನ್ನು ಮುರಿದು ಐದು ಜನರಿಗೆ ಹಂಚಿದರು. ಯೋಬಪ್ಪನವರ ಪಾಲು ಸ್ವಲ್ಪ ದೊಡ್ಡದಿತ್ತು. ಎಲ್ಲರೂ ನಿಂತೇ ತಿಂದೆವು, ಏಕೆಂದರೆ ಕೂರಲು ಜಾಗವಿರಲಿಲ್ಲ. ನಾನು ಕೈ ಒರೆಸಿಕೊಂಡು ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕಲು ಬಗ್ಗಿದೆ. ಮೌಶಿ ಕಾಲಿನಿಂದ ಅದರ ಮುಚ್ಚಳ ಮುಚ್ಚಿದರು.

"ಅಷ್ಟೂ ಬಿಚ್ಚಿ ಹಾಕೀಯಲ್ಲ ಪೋರಿ, ಮತ್ತ ಹೊಂದಸಾಕ ನನ್ನ ಕಡಿಂದ ಆಗೂದಿಲ್ಲ. ಕಪಾಟಿನಾಗ ಇಡು. ಮ್ಯಾಲಿನ ಖಾನೆ ಬ್ಯಾಡ, ನನಗ ಕೈ ನಿಲುಕೂದಿಲ್ಲ."